ದೊಡ್ಡ ಅಕ್ವೇರಿಯಂಗೆ ಎಷ್ಟು ವಾಟ್ ಹೀಟರ್ ಬೇಕು? ಮನೆಯಲ್ಲೇ ಅಳೆದು ನೋಡುವ ದಾರಿ

ನನ್ನದೂ ನನ್ನ ತಂಗಿಯದೂ ಒಂದೇ ಅಳತೆಯ ಟ್ಯಾಂಕ್. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರ. ಹುಬ್ಬಳ್ಳಿಯಿಂದ ಒಂದೇ ಟೆಂಪೋದಲ್ಲಿ ಬಂದವು. ಒಂದು ಶಿರಸಿಯ ನಮ್ಮ ಹಂಚಿನ ಮನೆಯ ಜಗುಲಿಯಲ್ಲಿ ಇಳಿಯಿತು. ಇನ್ನೊಂದು ದೇವಿಮನೆ ಘಟ್ಟ ಇಳಿದು ಕಾರವಾರದ ಕೋಡಿಬಾಗದಲ್ಲಿರುವ ತಂಗಿಯ ಮನೆ ಸೇರಿತು. ಎರಡಕ್ಕೂ ಅಂಗಡಿಯವರು ಒಂದೇ ಬಗೆಯ 300 ವಾಟ್ ಹೀಟರ್ ಕೊಟ್ಟಿದ್ದರು. ಲೀಟರಿಗೆ ಒಂದು ವಾಟ್, ಲೆಕ್ಕ ಸರಿಯಿದೆ ಅಂದಿದ್ದರು.

ಮೊದಲ ಡಿಸೆಂಬರ್‌ನಲ್ಲೇ ನನ್ನ ಟ್ಯಾಂಕಿನ ನೀರು ಬೆಳಗಿನ ಜಾವ 24 ಡಿಗ್ರಿಗೆ ಇಳಿಯತೊಡಗಿತು. ಮಧ್ಯಾಹ್ನ 27ಕ್ಕೆ ಏರುವುದು, ರಾತ್ರಿ ಮತ್ತೆ ಇಳಿಯುವುದು. ಹೀಟರಿನ ಕೆಂಪು ದೀಪ ಇಡೀ ರಾತ್ರಿ ಉರಿಯುತ್ತಲೇ ಇರುತ್ತಿತ್ತು. ಹತ್ತು ದಿನಕ್ಕೆ ಏಂಜಲ್ ಮೀನುಗಳ ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆ ಬಂತು. ನಾಲ್ಕು ಸತ್ತವು.

ತಂಗಿಯ ಮನೆಯಲ್ಲಿ ಆದದ್ದು ಪೂರ್ತಿ ಉಲ್ಟಾ. ಬಿಸಿ ಸಾಕಾದಾಗ ಕರೆಂಟ್ ಕಡಿಯಬೇಕಾದ, ಹೀಟರಿನ ಒಳಗಿನ ಥರ್ಮೋಸ್ಟಾಟ್ ಅಂಟಿಕೊಂಡು ಆಫ್ ಆಗಲೇ ಇಲ್ಲ. ಅವತ್ತು ಮನೆಯವರೆಲ್ಲ ಮದುವೆಗೆ ಹೋಗಿದ್ದರು. ಸಂಜೆ ಬಂದು ನೋಡಿದರೆ ನೀರು 35 ಡಿಗ್ರಿ ದಾಟಿತ್ತು. ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು.

ಒಂದೇ ಟ್ಯಾಂಕ್, ಒಂದೇ ಹೀಟರ್. ಇಲ್ಲಿ ಸಾಲಲಿಲ್ಲ, ಅಲ್ಲಿ ಜಾಸ್ತಿಯಾಯಿತು. ಹೀಟರ್ ಎಷ್ಟು ದೊಡ್ಡದಿರಬೇಕು ಅನ್ನೋದನ್ನು ಬರೀ ಲೀಟರ್ ನಿರ್ಧರಿಸುವುದಿಲ್ಲ. ನಿಮ್ಮ ಕೋಣೆಯ ಚಳಿ, ಟ್ಯಾಂಕಿನ ಮುಚ್ಚಳ, ಮನೆಗೆ ಬರುವ ವೋಲ್ಟೇಜ್ ಎಲ್ಲ ಸೇರಿ ನಿರ್ಧರಿಸುತ್ತವೆ. ಇವನ್ನೆಲ್ಲ ಮನೆಯಲ್ಲೇ ಅಳೆಯಬಹುದು. ಬೇಕಾದದ್ದು ಒಂದು ಟೇಪು, ಎರಡು ಥರ್ಮಾಮೀಟರ್, ಒಂದು ಸಣ್ಣ ವೋಲ್ಟ್‌ಮೀಟರ್, ಒಂದು ರಾತ್ರಿಯ ಮೂರು ಗಂಟೆ.

ಮೊದಲು ನೋಡಬೇಕಾದದ್ದು: ನಿಮ್ಮ ಮೀನಿಗೆ ಹೀಟರ್ ಬೇಕಾ?

ಗೋಲ್ಡ್‌ಫಿಶ್, ಕೋಯಿ ಸಾಕುವವರು ಹೀಟರ್ ತರುವುದೇ ಬೇಡ. ಅವು ತಂಪು ನೀರಿನ ಮೀನುಗಳು. ನಮ್ಮ ಪಶ್ಚಿಮ ಘಟ್ಟದ ಹೊಳೆಗಳ ಮೀನು, ಅಂಗಡಿಗಳಲ್ಲಿ ಮಿಸ್ ಕೇರಳ ಎಂದು ಮಾರುವ ಡೆನಿಸನ್ ಬಾರ್ಬ್, ಅದಕ್ಕೂ ಹರಿಯುವ ತಂಪು ನೀರೇ ಇಷ್ಟ. ಅದನ್ನು 28 ಡಿಗ್ರಿಯಲ್ಲಿ ಬೇಯಿಸುವುದು ಅನ್ಯಾಯ.

ಏಂಜಲ್, ಆಸ್ಕರ್, ಗಪ್ಪಿಗಳಿಗೆ 25ರಿಂದ 27 ಡಿಗ್ರಿ ಸೆಲ್ಸಿಯಸ್ ಹಿತ. ಫ್ಲವರ್‌ಹಾರ್ನ್, ಅರೋವಾನಗಳಿಗೆ ಇನ್ನೂ ಒಂದೆರಡು ಡಿಗ್ರಿ ಹೆಚ್ಚಿದ್ದರೂ ನಡೆಯುತ್ತದೆ. ಡಿಸ್ಕಸ್‌ಗೆ ಮಾತ್ರ 28ರಿಂದ 30 ಬೇಕೇ ಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಡಿಸ್ಕಸ್ ಸಾಕುವ ಆಸೆ ಇದ್ದರೆ ಹೀಟರಿನ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ನಿಮ್ಮ ಟ್ಯಾಂಕಿನ ಎಲ್ಲ ಮೀನಿಗೂ ಒಗ್ಗುವ ಒಂದು ಅಂಕಿಯನ್ನು ಗುರಿಯಾಗಿ ಇಟ್ಟುಕೊಳ್ಳಿ. ನನ್ನ ಗುರಿ 27. ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ.

ಟ್ಯಾಂಕಿನಲ್ಲಿ ನಿಜವಾಗಿ ಎಷ್ಟು ನೀರಿದೆ?

ಹೊರಗಿನ ಅಳತೆ ಹಿಡಿದರೆ ನನ್ನ ಟ್ಯಾಂಕ್ ಸುಮಾರು 340 ಲೀಟರ್. ಆದರೆ ಗಾಜಿಗೆ ದಪ್ಪವಿದೆ, ನೀರನ್ನು ಅಂಚಿನವರೆಗೆ ಯಾರೂ ತುಂಬುವುದಿಲ್ಲ. ಒಳಗಿನಿಂದ ಅಳೆಯಿರಿ. ಉದ್ದ 118 ಸೆಂಟಿಮೀಟರ್, ಅಗಲ 43, ನೀರಿನ ಎತ್ತರ 55. ಮೂರನ್ನೂ ಗುಣಿಸಿ 1000ದಿಂದ ಭಾಗಿಸಿದರೆ 279 ಲೀಟರ್. ಮರಳು, ಕಲ್ಲು, ಮರದ ಬೇರಿಗೆ ಒಂದು 15 ಲೀಟರ್ ಕಳೆಯಿರಿ. ಉಳಿದದ್ದು ಸುಮಾರು 265. ಕೆಳಗೆ ಸಂಪ್, ಅಂದರೆ ಫಿಲ್ಟರ್ ಕೂರಿಸುವ ಇನ್ನೊಂದು ತೊಟ್ಟಿ, ಇದ್ದರೆ ಅದರ ನೀರನ್ನೂ ಸೇರಿಸಿ.

ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು 1.16 ವಾಟ್-ಅವರ್ ಶಕ್ತಿ ಬೇಕು. ಕರೆಂಟ್ ಬಿಲ್ಲಿನ ಒಂದು ಯುನಿಟ್ ಅಂದರೆ ಇಂಥ 1000 ವಾಟ್-ಅವರ್. ನನ್ನ 265 ಲೀಟರಿಗೆ ಒಂದು ಡಿಗ್ರಿಗೆ 307 ವಾಟ್-ಅವರ್ ಆಯಿತು. ಈ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮತ್ತೆ ಮತ್ತೆ ಬೇಕಾಗುತ್ತದೆ.

ಲೀಟರಿಗೊಂದು ವಾಟ್ ಎಂಬ ಸೂತ್ರ ದೊಡ್ಡ ಟ್ಯಾಂಕಿಗೆ ಯಾಕೆ ಸರಿಹೊಂದುವುದಿಲ್ಲ ಅಂತಲೂ ಇಲ್ಲೇ ಹೇಳಿಬಿಡುತ್ತೇನೆ. ಎರಡು ಅಡಿಯ ಸಣ್ಣ ಟ್ಯಾಂಕಿನಲ್ಲಿ ಸುಮಾರು 65 ಲೀಟರ್ ಹಿಡಿಯುತ್ತದೆ. ಹೊರಗಿನ ಅಳತೆಯಲ್ಲಿ ನನ್ನದು ಅದರ ಐದು ಪಟ್ಟು. ಆದರೆ ಬಿಸಿ ಹೊರಗೆ ಹೋಗುವುದು ಹೊರಮೈಯಿಂದ ಮಾತ್ರ. ಆ ಹೊರಮೈ ಐದು ಪಟ್ಟು ಆಗಿಲ್ಲ, ಬರೀ ಮೂರು ಪಟ್ಟು ಆಗಿದೆ. ಟ್ಯಾಂಕ್ ದೊಡ್ಡದಾದಷ್ಟೂ ಪ್ರತಿ ಲೀಟರಿಗೆ ಕಳೆದುಹೋಗುವ ಬಿಸಿ ಕಡಿಮೆ. ಸಣ್ಣ ಟ್ಯಾಂಕಿನ ಸೂತ್ರವನ್ನು ಆರು ಅಡಿಯ ಟ್ಯಾಂಕಿಗೆ ಹಚ್ಚಿದರೆ ಬೇಕಾದದ್ದಕ್ಕಿಂತ ದೊಡ್ಡ ಹೀಟರ್ ತಂದಂತಾಗುತ್ತದೆ.

ಕೋಣೆಯ ಅತಿ ಚಳಿ ಎಷ್ಟು?

ಊರಿನ ಹವಾಮಾನ ವರದಿ ನೋಡಬೇಡಿ. ಟ್ಯಾಂಕ್ ಇರುವ ಕೋಣೆಯಲ್ಲೇ ಅಳೆಯಿರಿ. ಕನಿಷ್ಠ-ಗರಿಷ್ಠ ಎರಡನ್ನೂ ನೆನಪಿಟ್ಟುಕೊಳ್ಳುವ ಡಿಜಿಟಲ್ ಥರ್ಮಾಮೀಟರ್ ಸಿಗುತ್ತದೆ. ಅದನ್ನು ಟ್ಯಾಂಕಿನ ಪಕ್ಕ, ನೆಲದಿಂದ ಟ್ಯಾಂಕಿನಷ್ಟೇ ಎತ್ತರದಲ್ಲಿ ನೇತುಹಾಕಿ. ಡಿಸೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಬಿಡಿ.

ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ನಮ್ಮದು ಹಂಚಿನ ಮನೆ, ಜಗುಲಿಗೆ ಕಿಟಕಿ ಜಾಸ್ತಿ. ಹಂಚು ಸಂಜೆ ಆರಕ್ಕೇ ತಣ್ಣಗಾಗಿಬಿಡುತ್ತದೆ. ನಮ್ಮ ಜಗುಲಿಯಲ್ಲಿ ಬೆಳಗಿನ ಜಾವ ಐದೂವರೆಗೆ ನಾನು ಕಂಡ ಅತಿ ಕಡಿಮೆ ಅಂಕಿ 14. ಅದೇ ವಾರ ಕೋಡಿಬಾಗದಲ್ಲಿ, ಸ್ಲ್ಯಾಬಿನ ಮನೆಯ ಹಾಲಿನಲ್ಲಿ, 22ಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಹಗಲು ಕುಡಿದ ಬಿಸಿಲನ್ನು ಸ್ಲ್ಯಾಬ್ ರಾತ್ರಿ ಬಿಟ್ಟುಕೊಡುತ್ತದೆ, ಜೊತೆಗೆ ಸಮುದ್ರ ಹತ್ತಿರ. ಗುರಿ 27 ಅಂದರೆ ನನಗೆ 13 ಡಿಗ್ರಿಯ ಅಂತರ, ತಂಗಿಗೆ ಐದೇ ಡಿಗ್ರಿಯ ಅಂತರ.

ಘಟ್ಟದ ಮೇಲಿನವರು ಮರೆಯುವ ಇನ್ನೊಂದು ಕಾಲವಿದೆ. ಮಳೆಗಾಲ. ಜುಲೈ, ಆಗಸ್ಟ್‌ನಲ್ಲಿ ಚಳಿಗಾಲದ ಹಾಗೆ ರಾತ್ರಿ ಮಾತ್ರ ತಂಪಲ್ಲ. ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ, ಹಗಲೂ ರಾತ್ರಿ ಕೋಣೆ 21, 22ರಲ್ಲೇ ನಿಂತಿರುತ್ತದೆ. ಬೇಕಾದ ವಾಟ್ ಡಿಸೆಂಬರಿಗಿಂತ ಕಡಿಮೆ. ಆದರೆ ಹೀಟರಿಗೆ ಹಗಲು ರಜೆ ಸಿಗುವುದಿಲ್ಲ. ಚಳಿಗಾಲ ಮುಗಿಯಿತು ಅಂತ ಹೀಟರ್ ತೆಗೆದು ಅಟ್ಟಕ್ಕೆ ಹಾಕಿದವರ ಮೀನಿಗೆ ಆಷಾಢದಲ್ಲಿ ಬಿಳಿ ಚುಕ್ಕೆ ಬರುವುದನ್ನು ನಮ್ಮ ಕೇರಿಯಲ್ಲೇ ಕಂಡಿದ್ದೇನೆ.

ಮೂರು ಗಂಟೆಯ ಪರೀಕ್ಷೆ

ಇದು ಈ ಬರಹದ ಮುಖ್ಯ ಭಾಗ. ಬೇರೆ ಎಲ್ಲ ಬಿಟ್ಟರೂ ಇದೊಂದನ್ನು ಮಾಡಿ.

ಹೊಸ ಟ್ಯಾಂಕಾದರೆ ಮೀನು ಬಿಡುವ ಮೊದಲೇ, ಎರವಲು ತಂದ ಯಾವುದಾದರೂ ಹೀಟರಿನಿಂದ ನೀರನ್ನು 27ಕ್ಕೆ ತನ್ನಿ. ಮೀನಿದ್ದರೂ ಪರವಾಗಿಲ್ಲ, ಒಂದು ಡಿಗ್ರಿ ಇಳಿದರೆ ಏನೂ ಆಗುವುದಿಲ್ಲ. ಚಳಿ ಇರುವ ಒಂದು ರಾತ್ರಿ ಊಟ ಮುಗಿಸಿ, ಒಂಬತ್ತು ಗಂಟೆಗೆ ಹೀಟರ್ ಪ್ಲಗ್ ತೆಗೆಯಿರಿ. ಲೈಟ್ ಆಫ್ ಮಾಡಿ. ಫಿಲ್ಟರ್ ಮಾತ್ರ ಯಾವಾಗಿನಂತೆ ಓಡುತ್ತಿರಲಿ. ನೀರಿನ ಬಿಸಿ, ಕೋಣೆಯ ಬಿಸಿ ಎರಡನ್ನೂ ಬರೆದುಕೊಳ್ಳಿ. ದಶಾಂಶದ ಅಂಕಿ ತೋರಿಸುವ ಡಿಜಿಟಲ್ ಥರ್ಮಾಮೀಟರ್ ಇರಲಿ. ಗಾಜಿಗೆ ಅಂಟಿಸುವ ಬಣ್ಣದ ಪಟ್ಟಿ ಇದಕ್ಕೆ ಆಗುವುದಿಲ್ಲ. ಅದು ನೀರಿನದೂ ಅಲ್ಲದ, ಕೋಣೆಯದೂ ಅಲ್ಲದ ನಡುವಿನ ಅಂಕಿ ತೋರಿಸುತ್ತದೆ. ಹನ್ನೆರಡು ಗಂಟೆಗೆ ಮತ್ತೆ ಎರಡನ್ನೂ ಬರೆದು, ಹೀಟರ್ ಹಾಕಿ ಮಲಗಿ.

ನನಗೆ ಸಿಕ್ಕ ಅಂಕಿಗಳು ಹೀಗಿದ್ದವು. ಒಂಬತ್ತಕ್ಕೆ ನೀರು 27.0, ಕೋಣೆ 20. ಹನ್ನೆರಡಕ್ಕೆ ನೀರು 25.8, ಕೋಣೆ 18.8. ನೀರು ಇಳಿದದ್ದು 1.2 ಡಿಗ್ರಿ. ಚೀಟಿಯಲ್ಲಿ ಬರೆದ 307ರಿಂದ ಗುಣಿಸಿದರೆ 368 ವಾಟ್-ಅವರ್. ಮೂರು ಗಂಟೆಗೆ ಹಂಚಿದರೆ 123. ಅಂದರೆ ಆ ರಾತ್ರಿ ನನ್ನ ಟ್ಯಾಂಕ್ 123 ವಾಟ್ ಬಿಸಿಯನ್ನು ಗಾಳಿಗೆ ಬಿಡುತ್ತಿತ್ತು. ನೀರಿನ ಸರಾಸರಿಗೂ ಕೋಣೆಯ ಸರಾಸರಿಗೂ ಆಗ ಏಳು ಡಿಗ್ರಿ ಅಂತರ. 123ನ್ನು ಏಳರಿಂದ ಭಾಗಿಸಿದರೆ 17.5.

ಈ 17.5 ನನ್ನ ಟ್ಯಾಂಕಿನ ಗುಣ. ಹೊರಗಿನ ಗಾಳಿ ನೀರಿಗಿಂತ ಒಂದೊಂದು ಡಿಗ್ರಿ ತಂಪಾದಂತೆ ಅದು 17.5 ವಾಟ್ ಕಳೆದುಕೊಳ್ಳುತ್ತದೆ. ಅತಿ ಚಳಿಯ ನಸುಕಿನಲ್ಲಿ ಅಂತರ 13. ಹದಿಮೂರನ್ನು 17.5ರಿಂದ ಗುಣಿಸಿದರೆ 228 ವಾಟ್. ನೀರು 27ರಲ್ಲೇ ನಿಲ್ಲಬೇಕಾದರೆ ಅಷ್ಟು ಬಿಸಿ ಎಡೆಬಿಡದೆ ಒಳಗೆ ಹೋಗುತ್ತಿರಬೇಕು.

ಫಿಲ್ಟರ್ ಮೋಟಾರಿನ ಬಿಸಿಯೂ ಈ ಪರೀಕ್ಷೆಯೊಳಗೆ ಬಂದುಬಿಟ್ಟಿದೆ, ಬೇರೆ ಲೆಕ್ಕ ಬೇಡ. ನೀರಿನೊಳಗೆ ಮುಳುಗಿರುವ 40 ವಾಟ್ ಮೋಟಾರ್ ಅಂದರೆ 40 ವಾಟ್ ಹೀಟರ್ ಇದ್ದಂತೆಯೇ. ಸಂಪ್ ಇರುವವರೂ ಇದೇ ಪರೀಕ್ಷೆ ಮಾಡಿ. ನೀರು ಮೇಲಿಂದ ಕೆಳಗೆ ಬೀಳುವಾಗ ಎಷ್ಟು ಬಿಸಿ ಕಳೆಯುತ್ತದೆ ಅಂತ ಕಾಗದದ ಮೇಲೆ ಕಂಡುಹಿಡಿಯುವುದು ಕಷ್ಟ, ಅಳೆದರೆ ತಾನಾಗಿ ಗೊತ್ತಾಗುತ್ತದೆ.

ಹೀಟರಿಗೆ ಮೊದಲು ಥರ್ಮೋಕೋಲ್ ತನ್ನಿ

228 ಎಂಬ ಅಂಕಿ ಕಂಡ ಕೂಡಲೇ ಅಂಗಡಿಗೆ ಓಡಬೇಡಿ. ಆ ಅಂಕಿಯನ್ನೇ ಇಳಿಸಬಹುದು.

ನಾನು ಒಂದು ಇಂಚಿನ ಥರ್ಮೋಕೋಲ್ ಹಾಳೆ ತಂದು ಟ್ಯಾಂಕಿನ ಹಿಂಬದಿಗೆ, ಎರಡು ಪಕ್ಕಕ್ಕೆ ಅಂಟಿಸಿದೆ. ಮುಂದಿನ ಗಾಜು ನೋಡುವುದಕ್ಕೆ ಬೇಕಲ್ವಾ, ಅದು ಹಾಗೇ ಇರಲಿ. ಹಿಂಬದಿಗೆ ಕಪ್ಪು ಹಾಳೆ ಅಂಟಿಸಿ ಅದರ ಮೇಲೆ ಥರ್ಮೋಕೋಲ್ ಹಾಕಿದರೆ ಮುಂದಿನಿಂದ ಚಂದವೇ ಕಾಣುತ್ತದೆ. ಮರುದಿನ ಅಷ್ಟೇ ಚಳಿಯ ರಾತ್ರಿ ಮತ್ತೆ ಮೂರು ಗಂಟೆ ಅಳೆದೆ. ಈ ಸಲ ನೀರು ಇಳಿದದ್ದು 0.8 ಡಿಗ್ರಿ ಮಾತ್ರ. ಲೆಕ್ಕ ಹಾಕಿದರೆ 17.5 ಇದ್ದದ್ದು 12ಕ್ಕೆ ಬಂತು. ನಸುಕಿನ ಬೇಡಿಕೆ 228ರಿಂದ 156 ವಾಟ್‌ಗೆ ಇಳಿಯಿತು.

ಮುಚ್ಚಳವೂ ಹಾಗೆಯೇ. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ಮುಕ್ಕಾಲು ಯುನಿಟ್‌ಗೆ ಹತ್ತಿರದಷ್ಟು ಬಿಸಿಯನ್ನು ಹೊತ್ತೊಯ್ಯುತ್ತದೆ. ದಿನಕ್ಕೆ ಒಂದು ಲೀಟರ್ ಆರುತ್ತಿದ್ದರೆ ಇಡೀ ದಿನ 28 ವಾಟ್ ಸುಮ್ನೆ ಗಾಳಿಗೆ ಹೋದಂತೆ. ಚಳಿಗಾಲದ ಒಣಗಾಳಿಯಲ್ಲಿ ತೆರೆದಿಟ್ಟ ನಾಲ್ಕು ಅಡಿಯ ಟ್ಯಾಂಕ್ ಅದಕ್ಕಿಂತ ಜಾಸ್ತಿಯೇ ಆರಬಹುದು. ಗಾಜಿನ ಮುಚ್ಚಳ ಮಾಡಿಸಿ. ಗಾಳಿಯಾಡಲು ಒಂದು ಮೂಲೆಯಲ್ಲಿ ಬೆರಳಗಲ ಸಂದಿ ಬಿಡಿ.

ದೊಡ್ಡ ಹೀಟರ್ ಹಾಕಿದರೆ ಕರೆಂಟ್ ಬಿಲ್ ಜಾಸ್ತಿ ಬರುತ್ತದೆ ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ. ಟ್ಯಾಂಕ್ ಎಷ್ಟು ಬಿಸಿ ಕಳೆಯುತ್ತದೋ ಅಷ್ಟನ್ನೇ ಹೀಟರ್ ತುಂಬುವುದು. 150ರದಾದರೆ ಹೆಚ್ಚು ಹೊತ್ತು ಉರಿಯುತ್ತದೆ, 300ರದಾದರೆ ಕಡಿಮೆ ಹೊತ್ತು. ಯುನಿಟ್ ಅಷ್ಟೇ. ಬಿಲ್ ಇಳಿಸುವುದು ಥರ್ಮೋಕೋಲ್ ಮತ್ತು ಮುಚ್ಚಳ. ಡಿಸೆಂಬರ್‌ನಲ್ಲಿ ದಿನದ ಸರಾಸರಿ ಅಂತರ ಏಳು ಡಿಗ್ರಿ ಅಂತ ಹಿಡಿದರೆ ಮೊದಲು ನನಗೆ ದಿನಕ್ಕೆ ಸುಮಾರು ಮೂರು ಯುನಿಟ್ ಹೋಗುತ್ತಿತ್ತು. ಈಗ ಎರಡು.

ವೋಲ್ಟೇಜ್ ಅಳೆಯದೆ ಹೀಟರ್ ಕೊಳ್ಳಬೇಡಿ

ನನ್ನ ಏಂಜಲ್‌ಗಳು ಸತ್ತದ್ದಕ್ಕೆ ದೊಡ್ಡ ಕಾರಣ ಇದು. ತಿಳಿಯಲು ನನಗೆ ಎರಡು ಚಳಿಗಾಲ ಹಿಡಿಯಿತು.

ಹೀಟರಿನ ಮೇಲೆ 300 ವಾಟ್ ಎಂದು ಬರೆದಿರುವುದು 230 ವೋಲ್ಟ್ ಬಂದಾಗಿನ ಮಾತು. ವೋಲ್ಟೇಜ್ ಇಳಿದರೆ ಬಿಸಿಯೂ ಇಳಿಯುತ್ತದೆ. ಅದೂ ಅಷ್ಟಕ್ಕಷ್ಟೇ ಅಲ್ಲ, ಅದರ ವರ್ಗದ ಲೆಕ್ಕದಲ್ಲಿ. ವೋಲ್ಟೇಜ್ 190ಕ್ಕೆ ಬಂದರೆ ಆರನೇ ಒಂದು ಪಾಲು ಕಡಿಮೆಯಾಯಿತು ಅಂದುಕೊಳ್ಳುತ್ತೇವೆ. ಆದರೆ 190ನ್ನು 230ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ ನೋಡಿ. 0.68 ಬರುತ್ತದೆ. 300ರ ಹೀಟರ್ 205ರ ಹೀಟರ್ ಆಯಿತು. 170 ವೋಲ್ಟಿಗೆ ಇಳಿದರೆ 164 ವಾಟ್ ಮಾತ್ರ.

ನಮ್ಮ ಕಡೆ ಇದು ಬರೀ ಲೆಕ್ಕದ ಮಾತಲ್ಲ. ಟ್ರಾನ್ಸ್‌ಫಾರ್ಮರ್‌ನಿಂದ ದೂರ ಇರುವ ತೋಟದ ಮನೆಗಳಲ್ಲಿ ಸಂಜೆ ಟ್ಯೂಬ್‌ಲೈಟ್ ಹೊತ್ತಿಕೊಳ್ಳದೆ ಮಿಣುಕುವುದನ್ನು ನಾವೆಲ್ಲ ನೋಡಿದವರೇ. ಸುತ್ತಲಿನ ಅಡಿಕೆ ತೋಟಗಳಲ್ಲಿ ಪಂಪ್‌ಸೆಟ್ ಶುರುವಾದರೆ, ಬೆಳಿಗ್ಗೆ ಎಲ್ಲರ ಮನೆಯ ಗೀಸರ್ ಒಟ್ಟಿಗೆ ಓಡಿದರೆ ವೋಲ್ಟೇಜ್ ಕುಸಿಯುತ್ತದೆ. ಮೀನಿಗೆ ಬಿಸಿ ಬೇಕಾದದ್ದೂ ಅದೇ ಹೊತ್ತಿಗೆ.

ಪ್ಲಗ್ಗಿಗೆ ಹಾಕುವ ಸಣ್ಣ ಡಿಜಿಟಲ್ ವೋಲ್ಟ್‌ಮೀಟರ್ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಟ್ಯಾಂಕಿನ ಬಳಿಯ ಪ್ಲಗ್ಗಿಗೇ ಹಾಕಿ. ಒಂದು ವಾರ ರಾತ್ರಿ ಎಂಟಕ್ಕೆ, ಬೆಳಿಗ್ಗೆ ಆರಕ್ಕೆ ನೋಡಿ ಬರೆಯಿರಿ. ಅತಿ ಕಡಿಮೆ ಅಂಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ನನ್ನದು 190. ಥರ್ಮೋಕೋಲ್ ಹಾಕಿದ ಮೇಲೆ ಬೇಕಾದ 156 ವಾಟನ್ನು 0.68ರಿಂದ ಭಾಗಿಸಿದರೆ 229. ಡಬ್ಬಿಯ ಮೇಲೆ ಕನಿಷ್ಠ 229 ವಾಟ್ ಎಂದು ಇರಬೇಕು ಅಂತ ಅರ್ಥ.

ಹೀಟರ್ ತಂದ ಮೇಲೆ ಅದು ನಿಜವಾಗಿ ಎಷ್ಟು ಕೊಡುತ್ತಿದೆ ಅಂತಲೂ ನೋಡಬಹುದು. ಮನೆಯ ಕರೆಂಟ್ ಮೀಟರಿನಲ್ಲಿ ಒಂದು ಕೆಂಪು ಚುಕ್ಕೆ ಮಿನುಗುತ್ತಿರುತ್ತದೆ. ಪಕ್ಕದಲ್ಲಿ ಒಂದು ಯುನಿಟ್‌ಗೆ ಎಷ್ಟು ಸಲ ಮಿನುಗುತ್ತದೆ ಎಂದು ಬರೆದಿರುತ್ತದೆ. ನಮ್ಮದರಲ್ಲಿ 3200 ಇದೆ. ಫ್ರಿಜ್ ಸಮೇತ ಮನೆಯ ಎಲ್ಲ ಸ್ವಿಚ್ ಆಫ್ ಮಾಡಿ, ಹೀಟರ್ ಒಂದನ್ನೇ ಹಾಕಿ, ಒಂದು ನಿಮಿಷದಲ್ಲಿ ಎಷ್ಟು ಮಿನುಗು ಅಂತ ಎಣಿಸಿ. ಹದಿನಾರು ಸಲ ಮಿನುಗಿದರೆ 300 ವಾಟ್. ನನ್ನ ಹಳೆಯ ಹೀಟರ್ ಒಂಬತ್ತೇ ಸಲ ಮಿನುಗಿಸಿತು. ಅಂದರೆ ಸುಮಾರು 170 ವಾಟ್. 190 ವೋಲ್ಟಿನಲ್ಲೂ ಅದು 205 ಕೊಡಬೇಕಿತ್ತು, ಹನ್ನೊಂದು ಮಿನುಗು ಬರಬೇಕಿತ್ತು. ಡಬ್ಬಿಯ ಮೇಲಿನ 300 ಮೊದಲಿಂದಲೇ 300 ಆಗಿರಲಿಲ್ಲ. ಹೊಸ ಹೀಟರ್ ತಂದ ದಿನವೇ ಹೀಗೆ ಎಣಿಸಿ. ಬದಲಾಯಿಸಿಕೊಳ್ಳಲು ಇನ್ನೂ ಸಮಯವಿರುತ್ತದೆ.

ಕೊನೆಯ ಅಂಕಿ, ಮತ್ತು ಎರಡಾಗಿ ಒಡೆಯುವುದು

ಬಂದ ಅಂಕಿಗೆ ಕಾಲು ಭಾಗ ಸೇರಿಸಿ. ನೀರು ಬದಲಾಯಿಸಿದಾಗ, ಅಪರೂಪದ ಚಳಿ ಬಿದ್ದಾಗ ಅದು ಕೈಹಿಡಿಯುತ್ತದೆ. ನನ್ನ 229ಕ್ಕೆ ಕಾಲು ಭಾಗ ಸೇರಿದರೆ 286. ಹತ್ತಿರದ ಅಂಕಿ 300.

ಹಾಗಾದರೆ ಅಂಗಡಿಯವರು ಹೇಳಿದ 300 ಸರಿಯಿತ್ತಲ್ಲ ಅನ್ನಿಸಬಹುದು. ಥರ್ಮೋಕೋಲ್ ಇಲ್ಲದೆ ಇದೇ ಲೆಕ್ಕ ಹಾಕಿದರೆ ನನಗೆ 400 ದಾಟುತ್ತಿತ್ತು. ಮತ್ತೆ, ನಾನು ಈಗ ಹಾಕಿರುವುದು 300ರ ಒಂದು ಹೀಟರ್ ಅಲ್ಲ. 150ರ ಎರಡು.

ದೊಡ್ಡ ಟ್ಯಾಂಕಿಗೆ ಒಂದೇ ಹೀಟರ್ ಹಾಕಬೇಡಿ. ಹೀಟರ್ ಕೆಡುವುದು ಎರಡು ರೀತಿ. ಒಂದೋ ಸತ್ತುಹೋಗುತ್ತದೆ, ಇಲ್ಲವೋ ಅಂಟಿಕೊಂಡು ಉರಿಯುತ್ತಲೇ ಇರುತ್ತದೆ. ಒಂದೇ ಇದ್ದು ಅದು ಸತ್ತರೆ ಟ್ಯಾಂಕ್ ಕೋಣೆಯಷ್ಟೇ ತಣ್ಣಗಾಗುತ್ತದೆ. ಎರಡಿದ್ದು ಒಂದು ಸತ್ತರೆ ನನ್ನ ಟ್ಯಾಂಕ್ ಅತಿ ಚಳಿಯ ನಸುಕಿನಲ್ಲೂ 22ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಮೀನು ಮಂಕಾಗಬಹುದು, ಆದರೆ ಬದುಕುತ್ತದೆ. ಇನ್ನು ಅಂಟಿಕೊಂಡರೆ, 300ರ ಒಂದೇ ಹೀಟರ್ ಗಂಟೆಗೆ ಒಂದು ಡಿಗ್ರಿಯಂತೆ ಏರಿಸುತ್ತ ಹೋಗುತ್ತದೆ. ತಂಗಿಯ ಮನೆಯಲ್ಲಿ ಆದದ್ದು ಅದೇ. 150ರದ್ದು ಅಷ್ಟು ಹೊತ್ತಿಗೆ ಅರ್ಧ ಮಾತ್ರ ಏರಿಸುತ್ತದೆ. ನೋಡಿ ಪ್ಲಗ್ ಕೀಳಲು ಸಮಯ ಸಿಗುತ್ತದೆ.

ಈಗ ಕಾರವಾರದ ಲೆಕ್ಕ. ತಂಗಿಯ ಮನೆಯವರು ಫೋನ್ ಮಾಡಿ, "ಭಾವ, ನಿಮಗೆ 150ರ ಎರಡು ಬೇಕಾದರೆ ನಮಗೂ ಅಷ್ಟೇ ಅಲ್ವಾ? ಟ್ಯಾಂಕ್ ಒಂದೇ ಅಲ್ವಾ?" ಅಂದರು. ನಾನು ಮೊದಲು ಹಿಂಬದಿಗೊಂದು ಥರ್ಮೋಕೋಲ್ ಹಾಕಿ, ಮೂರು ಗಂಟೆ ಅಳೆದು ಹೇಳಿ ಅಂದೆ. ಅವರಿಗೆ ಬಂದದ್ದು ಡಿಗ್ರಿಗೆ 14 ವಾಟ್. ಅಂತರ ಐದು ಡಿಗ್ರಿ. ಅಲ್ಲಿಗೆ 70 ವಾಟ್. ಅವರಲ್ಲಿ ವೋಲ್ಟೇಜ್ 220ಕ್ಕಿಂತ ಕೆಳಗಿಳಿಯುವುದಿಲ್ಲ, ಅದನ್ನು ಸೇರಿಸಿದರೆ 77. ಕಾಲು ಭಾಗ ಕೂಡಿಸಿದರೆ 96. ಈಗ ಅವರ ಟ್ಯಾಂಕಿನಲ್ಲಿ 50ರ ಎರಡು ಹೀಟರ್ ಇವೆ. ಒಂದು ಅಂಟಿಕೊಂಡರೂ ನೀರು ಕೋಣೆಗಿಂತ ನಾಲ್ಕು ಡಿಗ್ರಿ ಮೇಲೆ ಹೋಗಲಾರದು. ಕುಮಟಾ, ಹೊನ್ನಾವರ, ಭಟ್ಕಳದ ಕರಾವಳಿಯವರೂ ಇದೇ ದಾರಿಯಲ್ಲಿ ಅಳೆಯಿರಿ, ಸಣ್ಣ ಹೀಟರೇ ಸಾಕಾಗುವ ಸಂಭವ ಜಾಸ್ತಿ.

ಕೈಗೆಟುಕಿದರೆ ಹೊರಗಿನ ಒಂದು ಟೆಂಪರೇಚರ್ ಕಂಟ್ರೋಲರ್ ಹಾಕಿ. ಎಸ್‌ಟಿಸಿ-1000 ಎಂಬುದು ಎಲ್ಲ ಕಡೆ ಸಿಗುವ ಮಾದರಿ. ಹೀಟರಿನ ತಿರುಗುಣಿಯನ್ನು 28ಕ್ಕೆ, ಕಂಟ್ರೋಲರನ್ನು 27ಕ್ಕೆ ಇಡಿ. ಹೀಟರಿನ ಒಳಗಿನದು ಅಂಟಿಕೊಂಡರೆ ಹೊರಗಿನದು ಕತ್ತರಿಸುತ್ತದೆ. ಹೊರಗಿನದು ಕೆಟ್ಟರೆ ಒಳಗಿನದಿದೆ. ವೈರಿಂಗ್ ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಕೂರಿಸುವಾಗ

ಎರಡು ಹೀಟರನ್ನು ಒಂದೇ ಮೂಲೆಗೆ ತುರುಕಬೇಡಿ. ನಾಲ್ಕು ಅಡಿಯ ಟ್ಯಾಂಕಿನಲ್ಲಿ ಎರಡು ತುದಿಗೆ ಒಂದೊಂದು ಇರಲಿ. ಫಿಲ್ಟರಿನ ನೀರು ಹರಿದು ಬರುವ ದಾರಿಯಲ್ಲಿದ್ದರೆ ಬಿಸಿ ಎಲ್ಲ ಕಡೆ ಹಂಚಿಹೋಗುತ್ತದೆ. ಪೂರ್ತಿ ಮುಳುಗಿಸಬಹುದಾದ ಮಾದರಿಯಾದರೆ ಮಲಗಿಸಿ ಇಡಿ, ನೀರಿನ ಮಟ್ಟ ಇಳಿದರೂ ಬಯಲಾಗುವುದಿಲ್ಲ. ಆಸ್ಕರ್, ಫ್ಲವರ್‌ಹಾರ್ನ್ ಇರುವ ಟ್ಯಾಂಕಿಗೆ ಗಾಜಿನ ಹೀಟರ್ ಬೇಡ. ಅವು ಹೊಡೆದು ಒಡೆಯುತ್ತವೆ. ಸ್ಟೀಲಿನದು ತನ್ನಿ, ಇಲ್ಲವೇ ಪ್ಲಾಸ್ಟಿಕ್ ಗಾರ್ಡ್ ಹಾಕಿ.

ನೀರಿಗೆ ಇಳಿಸಿ ಅರ್ಧ ಗಂಟೆ ಬಿಟ್ಟು ಸ್ವಿಚ್ ಹಾಕಿ. ನೀರು ಬದಲಾಯಿಸುವ ಮೊದಲು ಸ್ವಿಚ್ ಆಫ್ ಮಾಡಿ ಇಪ್ಪತ್ತು ನಿಮಿಷ ಕಾಯಿರಿ. ಬಿಸಿ ಗಾಜಿಗೆ ಗಾಳಿ ತಾಗಿ, ಮೇಲೆ ತಣ್ಣೀರು ಬಿದ್ದರೆ ಸೀಳುತ್ತದೆ. ವೈರನ್ನು ಪ್ಲಗ್ಗಿಗಿಂತ ಕೆಳಗೆ ಜೋಲುಬಿಟ್ಟು ಮೇಲೆ ತನ್ನಿ, ಜಾರಿದ ಹನಿ ಕೆಳಗೇ ತೊಟ್ಟಿಕ್ಕುತ್ತದೆ. ಮೆಯಿನ್ ಬೋರ್ಡಿನಲ್ಲಿ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇಲ್ಲದ ಮನೆಯಲ್ಲಿ ನೀರಿನೊಳಗೆ ಹೀಟರ್ ಇಡಬೇಡಿ. ಮಕ್ಕಳು ಕೈ ಹಾಕುವ ಜಾಗ ಅದು.

ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದರೆ ಗಾಬರಿ ಬೇಡ. ದೊಡ್ಡ ಟ್ಯಾಂಕ್ ನಿಧಾನ ತಣ್ಣಗಾಗುತ್ತದೆ. ಕೋಣೆ 21ರಲ್ಲಿದ್ದರೆ ನನ್ನ ಟ್ಯಾಂಕ್ ಹತ್ತು ಗಂಟೆಗೆ ಎರಡೇ ಡಿಗ್ರಿ ಇಳಿಯುತ್ತದೆ. ಮುಂದಿನ ಗಾಜಿಗೂ ಒಂದು ಕಂಬಳಿ ಹೊದಿಸಿದರೆ ಇನ್ನೂ ಕಡಿಮೆ. ಹೀಟರನ್ನು ಇನ್ವರ್ಟರ್‌ಗೆ ಹಾಕಬೇಡಿ, ಬ್ಯಾಟರಿ ಕೆಲವೇ ಗಂಟೆಯಲ್ಲಿ ಖಾಲಿಯಾಗುತ್ತದೆ. ಮೀನಿಗೆ ಆಗ ಬಿಸಿಗಿಂತ ಗಾಳಿ ಮುಖ್ಯ. ಇನ್ವರ್ಟರ್‌ಗೆ ಏರ್ ಪಂಪ್ ಹಾಕಿ. ಐದು ವಾಟ್‌ನ ಪಂಪು, ಇಡೀ ರಾತ್ರಿ ಓಡುತ್ತದೆ.

ನೀರು ಬದಲಾಯಿಸುವಾಗ ನಮ್ಮ ಕಡೆಯವರು ಮಾಡುವ ಒಂದು ತಪ್ಪನ್ನು ಹೇಳಲೇಬೇಕು. ಬಚ್ಚಲು ಮನೆಯ ಹಂಡೆಯಲ್ಲಿ ಬಿಸಿನೀರು ಇದ್ದೇ ಇರುತ್ತದೆ. ಒಂದು ಚೊಂಬು ಬೆರೆಸಿದರೆ ಹೀಟರಿಗೆ ಕೆಲಸ ಕಡಿಮೆ ಅನ್ನಿಸುತ್ತದೆ. ಹಂಡೆ ತಾಮ್ರದ್ದಾದರೆ ಬೇಡ. ತಾಮ್ರ ನೀರಿಗೆ ಬಿಡುತ್ತದೆ. ಸಿಗಡಿ, ಬಸವನಹುಳುಗಳಿಗೆ ಅದು ಸ್ವಲ್ಪವಾದರೂ ವಿಷ, ಜಾಸ್ತಿಯಾದರೆ ಮೀನಿಗೂ ಆಗದು. ಸ್ಟೀಲ್ ಪಾತ್ರೆಯಲ್ಲಿ ಕಾಯಿಸಿ, ಬಕೆಟ್ಟಿನಲ್ಲಿ ಬೆರೆಸಿ, ಥರ್ಮಾಮೀಟರ್ ಅದ್ದಿ ನೋಡಿ ಹಾಕಿ. 265 ಲೀಟರಿನಲ್ಲಿ 80 ಲೀಟರ್ ತೆಗೆದು 22 ಡಿಗ್ರಿಯ ಬಾವಿ ನೀರು ಹಾಗೇ ಸುರಿದರೆ ಟ್ಯಾಂಕ್ ಒಮ್ಮೆಗೇ ಒಂದೂವರೆ ಡಿಗ್ರಿ ಇಳಿಯುತ್ತದೆ.

ಹೀಟರ್ ಕೂರಿಸಿದ ಮೊದಲ ವಾರ ದಿನಕ್ಕೆ ಒಂದು ಡಿಗ್ರಿಗಿಂತ ಹೆಚ್ಚು ಏರಿಸಬೇಡಿ. ತಿರುಗುಣಿಯ ಮೇಲಿನ ಅಂಕಿಯನ್ನು ನಂಬದೆ ಎರಡೂ ತುದಿಯಲ್ಲಿ ಥರ್ಮಾಮೀಟರ್ ಅದ್ದಿ ನೋಡಿ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಮೂರಕ್ಕೆ ಬರೆಯಿರಿ. ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲೇ, ಹಾಲಿನ ಲೆಕ್ಕದ ಪಕ್ಕ ಬರೆಯುತ್ತೇನೆ. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಒಂದು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಕಾಣುತ್ತಿದ್ದರೆ ಮೊದಲು ಮುಚ್ಚಳ ನೋಡಿ, ಆಮೇಲೆ ವೋಲ್ಟೇಜ್ ನೋಡಿ, ಕೊನೆಗೆ ಹೀಟರ್.